ಚಳಿಗಾಲದ ಬಿಸಿಲಿಗೇ ಅಡಿಕೆ ಮರ ಸುಡುವುದೇಕೆ?

ಅಡಿಕೆ ಬೆಳೆಗಾರರು ನಾಲ್ಕು ಜನ ಸೇರಿದಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಬಿಸಿಲು ಖಾರ ಇರೋದು ಏಪ್ರಿಲ್, ಮೇ ತಿಂಗಳಲ್ಲಿ. ಆದರೆ ಅಡಿಕೆ ಮರದ ಕಾಂಡ ಸುಡೋದು ಮಳೆ ಬಿಟ್ಟ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ. ಬೆಳಿಗ್ಗೆ ಕಂಬಳಿ ಬಿಟ್ಟು ಏಳಲು ಮನಸ್ಸಾಗದ ಚಳಿಯ ತಿಂಗಳುಗಳವು. ಅದೂ ಮರದ ಸುತ್ತಲೂ ಅಲ್ಲ, ನೈಋತ್ಯ ಮಗ್ಗುಲಲ್ಲಿ ಮಾತ್ರ. ಮೊದಲು ಬಂಗಾರದ ಬಣ್ಣದ ಹಳದಿ ಮಚ್ಚೆ, ಆಮೇಲೆ ಕಂದು, ಆಮೇಲೆ ಸೀಳು. ಸೀಳಿನಲ್ಲಿ ಬೂಷ್ಟು, ಹುಳ. ಎರಡು ಮೂರು ವರ್ಷ ಹೇಗೋ ನಿಂತ ಮರ ಒಂದು ಗಾಳಿಗೆ ಅಲ್ಲೇ ಮುರಿಯುತ್ತದೆ.

"ಎಂತ ಮಾರಾಯ್ರೆ, ಮೇ ತಿಂಗಳ ಬೆಂಕಿಗೆ ಸುಡದ ಮರ ಧನುರ್ಮಾಸದ ಬಿಸಿಲಿಗೆ ಸುಡೋದಾ?" ಎಂದು ನೆರೆಕರೆಯ ಹಿರಿಯರೊಬ್ಬರು ನನ್ನಲ್ಲಿ ಕೇಳಿದ್ದರು. ಅವರಿಗೆ ಉತ್ತರ ಹೇಳಬೇಕಾದರೆ ಚಳಿಗಾಲ, ಬೇಸಿಗೆ ಯಾಕೆ ಆಗ್ತವೆ ಎನ್ನುವಲ್ಲಿಂದಲೇ ಶುರು ಮಾಡಬೇಕು. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿ ಮರೆತ ವಿಷಯ ಅದು. ತೋಟಕ್ಕೆ ಅದರಿಂದ ನೇರ ಉಪಯೋಗ ಉಂಟು.

ದೂರ ಹತ್ತಿರದ ಲೆಕ್ಕ ಅಲ್ಲ

ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಅಂತ ತುಂಬ ಜನ ನಂಬಿದ್ದಾರೆ. ಒಲೆಯ ಹತ್ತಿರ ಕುಳಿತರೆ ಸೆಕೆ, ದೂರ ಸರಿದರೆ ತಂಪು ತಾನೇ? ಆದರೆ ಲೆಕ್ಕ ಉಲ್ಟಾ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರೋದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ದೂರವೇ ಕಾರಣ ಆಗಿದ್ದರೆ ಇಡೀ ಪ್ರಪಂಚಕ್ಕೆ ಜನವರಿಯಲ್ಲೇ ಬೇಸಿಗೆ ಬರಬೇಕಿತ್ತು. ಜನವರಿಯಲ್ಲಿ ಡೆಲ್ಲಿಯಲ್ಲಿ ಜನ ಬೆಂಕಿ ಕಾಯಿಸಿಕೊಳ್ಳುತ್ತಿದ್ದರೆ ಆಸ್ಟ್ರೇಲಿಯದಲ್ಲಿ ಸುಡುಬೇಸಿಗೆ. ಒಂದೇ ಭೂಮಿ, ಒಂದೇ ದೂರ, ಎರಡು ಋತು. ಹಾಗಾದರೆ ಕಾರಣ ಬೇರೆ ಇರಲೇಬೇಕು.

ಕಾರಣ ಭೂಮಿಯ ವಾಲಿಕೆ. ಭೂಮಿ ಬುಗುರಿಯ ಹಾಗೆ ತಿರುಗುತ್ತಾ ಸೂರ್ಯನಿಗೆ ಸುತ್ತು ಬರುತ್ತದಲ್ಲ, ಆ ಬುಗುರಿ ನೆಟ್ಟಗೆ ನಿಂತಿಲ್ಲ. ಸುಮಾರು 23.4 ಡಿಗ್ರಿ ಓರೆಯಾಗಿ ನಿಂತಿದೆ.

ಇದನ್ನು ಮಕ್ಕಳಿಗೆ ತೋರಿಸಬೇಕಾದರೆ ಒಂದು ಮೂಸಂಬಿ, ಒಂದು ಹಿಡಿಸೂಡಿ ಕಡ್ಡಿ ಸಾಕು. ಮೂಸಂಬಿಯ ನಡುವೆ ಕಡ್ಡಿ ತೂರಿಸಿ. ಕತ್ತಲ ಕೋಣೆಯಲ್ಲಿ ಮೇಜಿನ ಮೇಲೊಂದು ದೀಪ ಇಡಿ. ಕಡ್ಡಿಯ ತುದಿಯನ್ನು ಸ್ವಲ್ಪ ಓರೆ ಮಾಡಿ, ಒಂದು ಗೋಡೆಯ ಕಡೆಗೆ ವಾಲಿಸಿ ಹಿಡಿದುಕೊಂಡು ದೀಪಕ್ಕೆ ಒಂದು ಸುತ್ತು ಬನ್ನಿ. ಗಮನಿಸಬೇಕಾದ್ದು ಒಂದೇ: ಸುತ್ತು ಬರುವಾಗ ಕಡ್ಡಿ ಆ ಗೋಡೆಯ ಕಡೆಗೇ ವಾಲಿರಬೇಕು, ದಿಕ್ಕು ಬದಲಿಸಬಾರದು. ಭೂಮಿಯ ಕಡ್ಡಿ ವರ್ಷವಿಡೀ ಧ್ರುವ ನಕ್ಷತ್ರದ ಕಡೆಗೇ ಮುಖ ಮಾಡಿರುವ ಹಾಗೆ. ಆಗ ನೋಡಿ, ಒಂದು ಕಡೆ ನಿಂತಾಗ ಕಡ್ಡಿಯ ಮೇಲ್ತುದಿ ದೀಪದ ಕಡೆಗೆ ಬಾಗಿರುತ್ತದೆ. ಮೂಸಂಬಿಯ ಮೇಲರ್ಧಕ್ಕೆ ಬೆಳಕು ಜಾಸ್ತಿ. ಅದು ನಮ್ಮ ಜೂನ್. ಎದುರು ಬದಿಗೆ ಹೋದಾಗ ಅದೇ ತುದಿ ದೀಪದಿಂದ ಹೊರಕ್ಕೆ ಬಾಗಿರುತ್ತದೆ. ಬೆಳಕು ಕೆಳಗಿನ ಅರ್ಧಕ್ಕೆ ಜಾಸ್ತಿ. ಅದು ಡಿಸೆಂಬರ್. ಭೂಮಿ ಆ ಕಡೆ ಈ ಕಡೆ ತೂಗಾಡುವುದಿಲ್ಲ. ವಾಲಿದ್ದು ವಾಲಿದ ಹಾಗೇ ಇರುತ್ತದೆ, ನಿಂತ ಜಾಗ ಬದಲಾಗುತ್ತದೆ, ಅಷ್ಟೇ.

ಒಂದು ಬುಟ್ಟಿ ಗೊಬ್ಬರ

ವಾಲಿದರೆ ಏನಾಯ್ತು? ಎರಡು ವ್ಯತ್ಯಾಸ ಆಗ್ತದೆ.

ಒಂದು, ಬಿಸಿಲು ಬೀಳುವ ಓರೆ. ಒಂದು ಬುಟ್ಟಿ ಗೊಬ್ಬರವನ್ನು ಹತ್ತು ಗಿಡಕ್ಕೆ ಹಂಚುವುದಕ್ಕೂ ಹದಿನಾರು ಗಿಡಕ್ಕೆ ಹಂಚುವುದಕ್ಕೂ ವ್ಯತ್ಯಾಸ ಇಲ್ಲವೇ? ನೇರ ನೆತ್ತಿಯಿಂದ ಬಿದ್ದ ಬಿಸಿಲು ಕಡಿಮೆ ಜಾಗಕ್ಕೆ ಬೀಳುತ್ತದೆ, ನೆಲ ಚೆನ್ನಾಗಿ ಕಾಯುತ್ತದೆ. ಓರೆಯಾಗಿ ಬಿದ್ದರೆ ಅಷ್ಟೇ ಬಿಸಿಲು ಅಗಲಕ್ಕೆ ಹರಡಿ ತೆಳುವಾಗುತ್ತದೆ. ಡಿಸೆಂಬರ್ 21ರ ಮಧ್ಯಾಹ್ನ ಡೆಲ್ಲಿಯ ಸಮತಟ್ಟು ನೆಲಕ್ಕೆ ಸಿಗುವ ಬಿಸಿಲು, ನೆತ್ತಿಯ ಬಿಸಿಲಿನ ನೂರರಲ್ಲಿ ಸುಮಾರು 61 ಪಾಲು. ನಮ್ಮ ಪುತ್ತೂರಿನಲ್ಲಿ ಸುಮಾರು 80 ಪಾಲು.

ಎರಡು, ಹಗಲಿನ ಉದ್ದ. ಡೆಲ್ಲಿಯಲ್ಲಿ ಜೂನಿನ ಹಗಲು ಹೆಚ್ಚು ಕಡಿಮೆ 14 ಗಂಟೆ, ಡಿಸೆಂಬರಿನದು ಹತ್ತೂಕಾಲು ಗಂಟೆ ಚಿಲ್ಲರೆ. ನಮ್ಮಲ್ಲಿ ಜೂನಿಗೆ ಸುಮಾರು 12 ಗಂಟೆ 53 ನಿಮಿಷ, ಡಿಸೆಂಬರಿಗೆ 11 ಗಂಟೆ 23 ನಿಮಿಷ. ಒಂದೂವರೆ ಗಂಟೆಯ ವ್ಯತ್ಯಾಸ ಮಾತ್ರ. ಅದಕ್ಕೇ ಅವರ ಚಳಿಗೆ ನೀರು ಹೆಪ್ಪುಗಟ್ಟುವ ಹತ್ತಿರ ಬರುತ್ತದೆ, ನಮ್ಮ ಚಳಿಗೆ ಒಂದು ಶಾಲು ಸಾಕು.

ಈ ಒಂದೂವರೆ ಗಂಟೆಯನ್ನು ಸಣ್ಣದು ಅಂತ ತಳ್ಳಿಹಾಕಬೇಡಿ. ಗಿಡಗಳಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಮಳೆಗಾಲದ ಹಳೆಯ ಎತ್ತರದ ಭತ್ತದ ತಳಿಗಳಲ್ಲಿ ಎಷ್ಟೋ ತಳಿ, ನೇಜಿ ಹದಿನೈದು ದಿನ ಹಿಂದೆ ಮುಂದೆ ನೆಟ್ಟರೂ ತೆನೆ ಹಾಕುವುದು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಹಗಲು ಕುಗ್ಗುವುದನ್ನು ಅವು ಕಾಯುತ್ತವೆ. ಐ.ಆರ್. 8, ಜಯ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸುವುದಿಲ್ಲ, ಬಿತ್ತಿದ ದಿನದಿಂದ ಲೆಕ್ಕ. ಹಾಗಾಗಿಯೇ ಅವನ್ನು ಯಾವ ಬೆಳೆಗೂ ಹಾಕಲು ಆಯಿತು. ಸೇವಂತಿಗೆಯೂ ಹಗಲು ಕುಗ್ಗಿದ ಮೇಲೆ ಹೂ ಬಿಡುವ ಗಿಡ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ನೀವು ನೋಡಿರಬಹುದು. ಗಿಡಕ್ಕೆ ಇನ್ನೂ ಹಗಲು ಉದ್ದ ಇದೆ ಅಂತ ನಂಬಿಸಿ, ಹೂವನ್ನು ಮಾರುಕಟ್ಟೆಗೆ ಬೇಕಾದ ಹೊತ್ತಿಗೆ ತರುವ ಉಪಾಯ ಅದು.

ಅಂಗಳದ ಕೋಲು

ಪುಸ್ತಕ ನಂಬಬೇಕಾಗಿಲ್ಲ. ಒಂದು ಮೀಟರ್ ಉದ್ದದ ನೇರ ಕೋಲನ್ನು ಅಂಗಳದಲ್ಲಿ ತೂಗುಗುಂಡು ಹಿಡಿದು ನೆಟ್ಟಗೆ ನೆಡಿ. ನೆರಳು ಅತಿ ಗಿಡ್ಡ ಆಗುವ ಹೊತ್ತಿಗೆ ಅಳೆಯಿರಿ. ನಮ್ಮ ಊರಿನ ನಿಜವಾದ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಅಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಗಡಿಯಾರ ಇಡೀ ದೇಶಕ್ಕೆ ಒಂದೇ, ಸೂರ್ಯ ಊರೂರಿಗೆ ಬೇರೆ. ನಾನು ಬರೆದಿಟ್ಟುಕೊಂಡ ಲೆಕ್ಕ ಹೀಗಿದೆ:

ಡಿಸೆಂಬರ್ 21–22: ನೆರಳು ಬಡಗು ದಿಕ್ಕಿಗೆ 73 ಸೆಂ.ಮೀ. ವರ್ಷದ ಅತಿ ಉದ್ದದ ಮಧ್ಯಾಹ್ನದ ನೆರಳು.
ಮಾರ್ಚ್ 20–21: ಬಡಗಿಗೆ 23 ಸೆಂ.ಮೀ. ಹಗಲು ರಾತ್ರಿ ಹೆಚ್ಚು ಕಡಿಮೆ ಸಮ.
ಏಪ್ರಿಲ್ 24ರ ಸುಮಾರು: ನೆರಳೇ ಇಲ್ಲ. ಸೂರ್ಯ ನೆತ್ತಿಯ ಮೇಲೆ.
ಮೇ 21: ನೆರಳು ತೆಂಕು ದಿಕ್ಕಿಗೆ 13 ಸೆಂ.ಮೀ.
ಜೂನ್ 21: ತೆಂಕಿಗೆ 19 ಸೆಂ.ಮೀ. ಮೋಡ ಬಿಟ್ಟರೆ ಮಾತ್ರ ಕಾಣುತ್ತದೆ, ಮೇಲಿನದು ಲೆಕ್ಕ ಹಾಕಿದ್ದು.
ಆಗಸ್ಟ್ 18ರ ಸುಮಾರು: ಮತ್ತೆ ನೆರಳಿಲ್ಲ.
ಸೆಪ್ಟೆಂಬರ್ 22–23: ಬಡಗಿಗೆ 23 ಸೆಂ.ಮೀ.

ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮ್ಮ ಬಡಗಿಗೆ ಇರುತ್ತಾನೆ ಎಂದರೆ ಹಲವರಿಗೆ ಆಶ್ಚರ್ಯ. ಉಳಿದ ಎಂಟು ತಿಂಗಳು ತೆಂಕಿಗೆ. ನೆರಳಿಲ್ಲದ ದಿನ ಊರಿಂದೂರಿಗೆ ಬದಲಾಗುತ್ತದೆ. ಶಿರಸಿಯಲ್ಲಿ ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ 12–13ಕ್ಕೆ, ಬೀದರಿನಲ್ಲಿ ಮೇ 11 ಮತ್ತು ಆಗಸ್ಟ್ 1ರ ಆಸುಪಾಸಿಗೆ. ಡೆಲ್ಲಿಗೆ ಆ ದಿನವೇ ಇಲ್ಲ. ಸೂರ್ಯ ಅಲ್ಲಿಯ ನೆತ್ತಿ ಮುಟ್ಟುವ ಮೊದಲೇ ಹಿಂದೆ ತಿರುಗುತ್ತಾನೆ.

ಸೂರ್ಯ ನೆತ್ತಿಗೆ ಬರೋದು ಏಪ್ರಿಲಿನಲ್ಲಿ, ಆದರೆ ಸೆಕೆ ಮೇಯಲ್ಲೂ ಇಳಿಯುವುದಿಲ್ಲ. ಬೆಂಕಿ ತಗ್ಗಿಸಿದ ತಕ್ಷಣ ಹಂಡೆಯ ನೀರು ತಣಿಯುತ್ತದೆಯೇ? ನೆಲ, ಕಡಲು ಕಾಯುವುದಕ್ಕೂ ತಣಿಯುವುದಕ್ಕೂ ಹೊತ್ತು ಬೇಕು. ಡಿಸೆಂಬರ್ 21 ಕಳೆದ ಮೇಲೆ ಜನವರಿಯ ಚಳಿ ಬರುವುದೂ ಹಾಗೆಯೇ.

ಈಗ ಅಡಿಕೆ ಮರಕ್ಕೆ ಬರೋಣ

ನೆಲಕ್ಕೆ ಬೀಳುವ ಬಿಸಿಲು ಬೇರೆ, ಕಾಂಡಕ್ಕೆ ಬಡಿಯುವ ಬಿಸಿಲು ಬೇರೆ. ನೆಲ ಮಲಗಿದೆ, ಕಾಂಡ ನಿಂತಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಇಳಿಯುತ್ತದೆ, ಮರದ ತಲೆಯ ಸೋಗೆಯೇ ಕೊಡೆ ಹಿಡಿದ ಹಾಗೆ. ಕಾಂಡಕ್ಕೆ ಹೆಚ್ಚೇನೂ ತಾಗುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ತೆಂಕಿಗೆ ಜಾರಿ ತಗ್ಗಿನಲ್ಲೇ ನಡೆಯುತ್ತಾನೆ. ಮಧ್ಯಾಹ್ನ ಮೂರೂವರೆಗೆ ಅವನ ಎತ್ತರ ದಿಗಂತದಿಂದ ಬರೀ 33 ಡಿಗ್ರಿ. ಆ ಬಿಸಿಲು ಸೋಗೆಯ ಅಡಿಯಿಂದ ನುಗ್ಗಿ ಕಾಂಡಕ್ಕೆ ಎದುರಾಗಿಯೇ ಬಡಿಯುತ್ತದೆ. ನೆಲಕ್ಕೆ ತೆಳುವಾದ ಬಿಸಿಲು ಕಾಂಡಕ್ಕೆ ದಪ್ಪ. ಆಕಾಶದಲ್ಲಿ ಮೋಡವೂ ಇಲ್ಲ. ನಾಲ್ಕು ತಿಂಗಳು ಮಳೆ ಮೋಡದಡಿ ಇದ್ದ ಹಸಿರು ತೊಗಟೆ ಬೇರೆ.

ಬೆಳಗಿನ ಆಗ್ನೇಯದ ಬಿಸಿಲೂ ಅಷ್ಟೇ ತಗ್ಗಿನಿಂದ ಬರುತ್ತದಲ್ಲ, ಆ ಮಗ್ಗುಲು ಯಾಕೆ ಸುಡುವುದಿಲ್ಲ ಅಂತ ಕೇಳಬಹುದು. ಬೆಳಿಗ್ಗೆ ಗಾಳಿ ತಂಪು, ಕಾಂಡ ಇಬ್ಬನಿಗೆ ತಣಿದಿರುತ್ತದೆ. ಮಧ್ಯಾಹ್ನ ಮೇಲೆ ಗಾಳಿ, ನೆಲ, ಕಾಂಡ ಎಲ್ಲ ಕಾದಿರುವಾಗ ಪಡುಬಿಸಿಲು ಬಡಿದರೆ ತಡೆಯಲಾಗುವುದಿಲ್ಲ. ಜೂನಿನಲ್ಲಿ ಸಂಜೆಯ ಸೂರ್ಯ ವಾಯವ್ಯಕ್ಕೆ ಸರಿದಿರುತ್ತಾನೆ, ಆದರೆ ಆಗ ಮಳೆಗಾಲ. ಹಾಗಾಗಿ ವಾಯವ್ಯ ಮಗ್ಗುಲು ಬಚಾವಾಗುತ್ತದೆ. ನೆರೆಕರೆಯ ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಮೇ ತಿಂಗಳ ಬಿಸಿಲು ಮರದ ತಲೆಗೆ ಅಣ್ಣಾ, ಧನುರ್ಮಾಸದ್ದು ಮೈಗೆ."

35 ಡಿಗ್ರಿಯ ಗುಟ್ಟು

ಹೊಸ ತೋಟ ಹಾಕುವವರಿಗೆ ವಿಟ್ಲದ ಸಂಶೋಧನಾ ಕೇಂದ್ರದವರು ಹೇಳುತ್ತಾ ಬಂದ ಶಿಫಾರಸು ಒಂದಿದೆ. 2.7 ಮೀಟರ್, ಅಂದರೆ ಒಂಬತ್ತು ಅಡಿ ಚೌಕದಲ್ಲಿ ನೆಡುವಾಗ ಉತ್ತರ–ದಕ್ಷಿಣದ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿ ಅಂತ. ಯಾಕೆ 35 ಅಂತ ಕೇಳಿದರೆ ಹೆಚ್ಚಿನವರಲ್ಲಿ ಉತ್ತರ ಇಲ್ಲ. ಸೂರ್ಯನ ದಾರಿ ಗೊತ್ತಿದ್ದರೆ ನಾವೇ ಲೆಕ್ಕ ಹಾಕಬಹುದು.

ಸಾಲನ್ನು ಹಾಗೆ ತಿರುಗಿಸಿದಾಗ ಅದಕ್ಕೆ ಅಡ್ಡ ಬರುವ ಸಾಲುಗಳು ದಕ್ಷಿಣದಿಂದ ಪಶ್ಚಿಮಕ್ಕೆ 55 ಡಿಗ್ರಿಯ ದಿಕ್ಕನ್ನು ನೋಡುತ್ತವೆ. ಡಿಸೆಂಬರಿನಲ್ಲಿ ನಮ್ಮ ಸೂರ್ಯ ಮಧ್ಯಾಹ್ನ ಮೂರೂವರೆಗೆ ದಕ್ಷಿಣದಿಂದ ಪಶ್ಚಿಮಕ್ಕೆ 51 ಡಿಗ್ರಿಯಲ್ಲಿ, ನಾಲ್ಕು ಗಂಟೆಗೆ 55 ಡಿಗ್ರಿಯಲ್ಲಿ ಇರುತ್ತಾನೆ. ಅಂದರೆ ಪಡುಬಿಸಿಲು ಬಡಿಯುವ ಹೊತ್ತಿಗೆ ಸೂರ್ಯ ಸಾಲಿನ ನೇರಕ್ಕೇ ಬಂದಿರುತ್ತಾನೆ. ಎದುರಿನ ಮರದ ನೆರಳು ಹಿಂದಿನ ಮರದ ಮೈಮೇಲೆ, ಅದರ ನೆರಳು ಅದರ ಹಿಂದಿನದರ ಮೇಲೆ. ಸಾಲಾಗಿ ನಿಂತು ಒಬ್ಬರಿಗೊಬ್ಬರು ಕೊಡೆ ಹಿಡಿದ ಹಾಗೆ. ನೇರ ಉತ್ತರ–ದಕ್ಷಿಣದ ಚೌಕದಲ್ಲಾದರೆ ಆ ಹೊತ್ತಿನ ಬಿಸಿಲಿಗೆ ಮರಗಳ ನಡುವೆ ತೂರಿ ಬರಲು ದಾರಿ ಸಿಗುತ್ತದೆ.

ಗೆರೆ ಹಾಕುವುದು ಸುಲಭ. ದಿಕ್ಸೂಚಿ ಬೇಡ, ಅದೇ ಕೋಲು ಸಾಕು. ಕೋಲಿನ ಬುಡಕ್ಕೆ ಹಗ್ಗ ಕಟ್ಟಿ ಸುತ್ತಲೂ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವಲ್ಲಿ ಒಂದು ಗೂಟ, ಮಧ್ಯಾಹ್ನ ಮೇಲೆ ಹೊರಗೆ ಹೋಗುವಲ್ಲಿ ಒಂದು ಗೂಟ. ಎರಡನ್ನೂ ಸೇರಿಸಿದರೆ ಮೂಡು–ಪಡು ಗೆರೆ. ಅದಕ್ಕೆ ಮೂಲೆಮಟ್ಟ ಹಿಡಿದರೆ ತೆಂಕು–ಬಡಗು. ನಮ್ಮ ದೇಶದಲ್ಲಿ ಮನೆ, ಗುಡಿ ಕಟ್ಟುವವರು ಹಿಂದಿನಿಂದ ಬಳಸಿದ ಶಂಕುವಿನ ವಿಧಾನ ಇದು. ಇನ್ನು 35 ಡಿಗ್ರಿಗೆ: ಒಂದು ಗೂಟದಿಂದ ಬಡಗಿಗೆ 10 ಅಡಿ ಅಳೆಯಿರಿ, ಅಲ್ಲಿಂದ ಪಡುವಿಗೆ 7 ಅಡಿ. ಮೊದಲ ಗೂಟಕ್ಕೂ ಈ ಕೊನೆಯ ಗೂಟಕ್ಕೂ ಹಗ್ಗ ಎಳೆದರೆ ಅದೇ ಸಾಲಿನ ಗೆರೆ.

ಎಷ್ಟು ಚಂದ ಗೆರೆ ಹಾಕಿದರೂ ನೈಋತ್ಯ ಅಂಚಿನ ಮೊದಲ ಸಾಲಿಗೆ ಕೊಡೆ ಹಿಡಿಯುವವರಿಲ್ಲ. ಅಲ್ಲಿ ದಟ್ಟ ಎಲೆಯ ಮರಗಳಿರಬೇಕು. ಮೂರೂವರೆಯ ಹೊತ್ತಿಗೆ ಡಿಸೆಂಬರಿನ ನೆರಳು ಮರದ ಎತ್ತರದ ಒಂದೂವರೆ ಪಟ್ಟು. 10 ಮೀಟರ್ ಎತ್ತರದ ಮರದ ನೆರಳು ಈಶಾನ್ಯಕ್ಕೆ 15 ಮೀಟರ್ ಚಾಚುತ್ತದೆ. ಅಂಚಿನಲ್ಲಿದ್ದ ಒಂದು ಮರ ಕಡಿಯುವ ಮೊದಲು ಈ ಲೆಕ್ಕ ನೆನಪಿರಲಿ. ಕಡಿದ ವರ್ಷವೇ ಅದರ ಹಿಂದಿನ ಅಡಿಕೆ ಮರಗಳ ಮೈ ಬೆತ್ತಲಾಗುತ್ತದೆ. ಹಳೆಯ ತೋಟದಲ್ಲಿ ಸಾಲು ತಿರುಗಿಸಲಿಕ್ಕೆ ಆಗುವುದಿಲ್ಲ. ಅಲ್ಲಿ ಮಳೆ ಬಿಟ್ಟ ಕೂಡಲೇ ಕಾಂಡಕ್ಕೆ ಸೋಗೆ ಕಟ್ಟುವುದು, ಇಲ್ಲವೇ ಸುಣ್ಣ ಬಳಿಯುವುದು. ಎಳೆ ತೋಟಕ್ಕೆ ಬಾಳೆಯ ನೆರಳು. ಕಟ್ಟುವ ಹೊತ್ತು ಅಕ್ಟೋಬರ್. ಹಳದಿ ಮಚ್ಚೆ ಕಂಡ ಮೇಲೆ ಕಟ್ಟಿದರೆ ಇನ್ನೂ ಸುಡದಂತೆ ತಡೆಯಬಹುದೇ ಹೊರತು ಸುಟ್ಟದ್ದು ಮರಳುವುದಿಲ್ಲ.

ಇದೇ ಲೆಕ್ಕ ಅಡಿಕೆ ಒಣಗಿಸುವ ಅಂಗಳಕ್ಕೂ ಆಗುತ್ತದೆ. ಒಣಗಿಸುವ ತಿಂಗಳುಗಳಲ್ಲಿ ನೆರಳೆಲ್ಲ ಬಡಗಿಗೆ ಬೀಳುವುದರಿಂದ ಅಂಗಳದ ತೆಂಕು ಬದಿಯಲ್ಲಿ ಎತ್ತರದ ಮರ ಬೇಡ. ಬಡಗು ಬದಿಯಲ್ಲಿದ್ದರೆ ತೊಂದರೆ ಇಲ್ಲ. ಸೋಲಾರ್ ಹಲಗೆಯನ್ನು ತೆಂಕು ಮುಖಕ್ಕೆ ಸುಮಾರು 13 ಡಿಗ್ರಿ ಓರೆ ಇಡುವುದೂ ಇದಕ್ಕೇ.

ಮಳೆ ನಕ್ಷತ್ರ ಜಾರುತ್ತಿದೆಯೇ?

ಇನ್ನೊಂದು ಮಾತು. ಸಂಕ್ರಾಂತಿಗೆ ಉತ್ತರಾಯಣ ಎನ್ನುತ್ತೇವೆ. ಆದರೆ ಕೋಲಿನ ನೆರಳು ಗಿಡ್ಡವಾಗತೊಡಗುವುದು ಡಿಸೆಂಬರ್ 22ರ ನಂತರವೇ, ಜನವರಿ 14ರಿಂದಲ್ಲ. ಹಿರಿಯರ ಲೆಕ್ಕ ತಪ್ಪಿತೇ? ಇಲ್ಲ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಆಗಿದ್ದವು. ಬುಗುರಿ ತಿರುಗುತ್ತಾ ಅದರ ತಲೆ ನಿಧಾನವಾಗಿ ಒಂದು ಸುತ್ತು ಹಾಕುತ್ತದಲ್ಲ, ಭೂಮಿಯೂ ಹಾಗೆ ಸುಮಾರು 26,000 ವರ್ಷಕ್ಕೊಂದು ಸುತ್ತು ತಲೆ ತಿರುಗಿಸುತ್ತದೆ. ನಮ್ಮ ಪಂಚಾಂಗ ನಕ್ಷತ್ರಗಳ ಎದುರು ಸೂರ್ಯ ಎಲ್ಲಿದ್ದಾನೆ ಎಂದು ನೋಡುತ್ತದೆ. ಋತು ಭೂಮಿಯ ವಾಲಿಕೆ ಎತ್ತ ಎಂದು ನೋಡುತ್ತದೆ. ಎರಡಕ್ಕೂ ಸುಮಾರು 70 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಇದನ್ನು ಸರಿಪಡಿಸಲು ಹೇಳಿತು. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಚೈತ್ರ ಶುರುವಾಗುವುದು ಹಗಲು ರಾತ್ರಿ ಸಮ ಆಗುವ ದಿನದ ಮರುದಿನದ ಲೆಕ್ಕದಲ್ಲಿ.

ನಮ್ಮ ಮಳೆ ನಕ್ಷತ್ರಗಳದ್ದೂ ನಕ್ಷತ್ರದ ಲೆಕ್ಕ. ರೋಹಿಣಿ ಮೇ 25ಕ್ಕೆ, ಮೃಗಶಿರಾ ಜೂನ್ 7–8ಕ್ಕೆ, ಆರಿದ್ರಾ ಜೂನ್ 21–22ಕ್ಕೆ. ಪತ್ತನಾಜೆಗೆ ಜಾತ್ರೆ, ಆಟ ಎಲ್ಲ ಮುಗಿಸಿ ಗದ್ದೆಗೆ ಇಳಿಯುವುದೂ ಇದೇ ಸೌರ ಲೆಕ್ಕದಲ್ಲಿ. 700 ವರ್ಷಕ್ಕೆ ಹತ್ತು ದಿನ ಜಾರುತ್ತದೆ ಅಂದರೆ ನಮ್ಮ ಒಂದು ಜೀವಮಾನದಲ್ಲಿ ಒಂದು ದಿನ. ಮಳೆ ಹಿಂದೆ ಮುಂದೆ ಆಗುವುದಕ್ಕೆ ಇದು ಕಾರಣ ಅಲ್ಲವೇ ಅಲ್ಲ.

ಹಾಗಾದರೆ ಮಳೆ ಯಾಕೆ ಲೆಕ್ಕ ತಪ್ಪುತ್ತದೆ? "ಸೂರ್ಯನೇ ದಾರಿ ಬಿಟ್ಟಿದ್ದಾನೆ" ಅಂತ ಬೇಸರದಲ್ಲಿ ಹೇಳುವವರಿದ್ದಾರೆ. ಸೂರ್ಯ ಬಿಟ್ಟಿಲ್ಲ. ಸೂರ್ಯ ಬಡಗಿಗೆ ಬಂದಾಗ ಉತ್ತರದ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಭೂಮಧ್ಯರೇಖೆಯ ಆಚೆಯಿಂದ ಗಾಳಿ ಹೊರಟು, ರೇಖೆ ದಾಟಿದ ಮೇಲೆ ಭೂಮಿಯ ತಿರುಗಾಟದಿಂದ ಬಲಕ್ಕೆ ಬಾಗಿ, ಅರಬ್ಬೀ ಸಮುದ್ರದ ನೀರು ಹೊತ್ತು ನೈಋತ್ಯದಿಂದ ಬರುತ್ತದೆ. ಘಟ್ಟಕ್ಕೆ ಬಡಿದು ಮೇಲೇರಿ ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಘಟ್ಟ ಇಳಿದ ಮೇಲೆ ಉಳಿದದ್ದು ಚಳ್ಳಕೆರೆಯಂಥ ಊರುಗಳಿಗೆ 500 ಮಿ.ಮೀ. ಆಸುಪಾಸು. ಸೂರ್ಯ ಕೊಡುವುದು ಕರೆ ಮಾತ್ರ. ಬರುವುದು ಬಿಡುವುದು ಕಡಲಿನ ಬಿಸಿ, ಗಾಳಿಯ ಒತ್ತಡದ ಕೈಯಲ್ಲಿ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಮುಟ್ಟಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ. ಎರಡೂ ವರ್ಷ ಅಂಗಳದ ಕೋಲಿನ ನೆರಳು ಒಂದೇ ಆಗಿತ್ತು.

ರೈತನಿಗೆ ಈ ಎರಡನ್ನೂ ಬೇರೆ ಮಾಡಿ ನೋಡುವ ಅಭ್ಯಾಸ ಬೇಕು. ಬಿತ್ತನೆ, ಗೊಬ್ಬರ, ಮದ್ದು ಬಿಡುವುದು ಮಳೆಗೆ ಸೇರಿದ್ದು. ಅವಕ್ಕೆ ಆಕಾಶ ನೋಡಿ, ಹವಾಮಾನ ಮುನ್ಸೂಚನೆ ಕೇಳಿ, ಆ ವರ್ಷದ್ದು ಆ ವರ್ಷವೇ ನಿಶ್ಚಯಿಸಿ. ಆದರೆ ಸಾಲಿನ ದಿಕ್ಕು, ಅಂಚಿನ ಮರ, ಒಣಗಿಸುವ ಅಂಗಳ, ಸೋಗೆ ಕಟ್ಟುವ ತಿಂಗಳು ಬಿಸಿಲಿಗೆ ಸೇರಿದ್ದು. ಅವಕ್ಕೆ ಒಮ್ಮೆ ಅಳೆದರೆ ಸಾಕು, ಮೊಮ್ಮಕ್ಕಳ ಕಾಲಕ್ಕೂ ಅದೇ ಅಳತೆ. ಅಡಿಕೆ ತೋಟ ಒಮ್ಮೆ ಹಾಕಿದರೆ ನಲವತ್ತು ಐವತ್ತು ವರ್ಷದ ಬಾಳು. ಗುಂಡಿ ತೋಡುವ ಮುಂಚೆ ಒಂದು ದಿನ ಕೋಲು ನೆಟ್ಟು, ಬೆಳಿಗ್ಗೆಯಿಂದ ಸಂಜೆ ತನಕ ಅದರ ನೆರಳಿನ ಹಿಂದೆ ಹೋಗಿ ಗೂಟ ಹಾಕಿ. ಖರ್ಚು ಒಂದು ಹಗಲು ಮತ್ತು ಒಂದು ಹಗ್ಗ.